ರಿಸ್ಟೋರ್ ಆಗಿರುವ ಲಾಂಚಾ ಫುಲ್ವಿಯಾ ಕೂಪೆ ಕೊಳ್ಳಬಹುದಾ?

‘ಪೂರ್ತಿ ರಿಸ್ಟೋರ್ ಆದ ಫುಲ್ವಿಯಾ ಮಾರಾಟಕ್ಕಿದೆ, ಎಂಜಿನ್ನೂ ಬಿಚ್ಚಿ ಕಟ್ಟಿದ್ದಾರಂತೆ, ಕೊಳ್ಳಬಹುದಾ?’ ಹಳೆಯ ಇಟಾಲಿಯನ್ ಕಾರುಗಳ ಮೋಹ ಹತ್ತಿದವರೆಲ್ಲ ಕೇಳುವ ಪ್ರಶ್ನೆ ಇದು. ಕೊಳ್ಳಬಹುದು. ಆದರೆ ಎಂಜಿನ್ನಿನ ಬಿಲ್ ಆಮೇಲೆ ನೋಡಿ, ಮೊದಲು ಬಣ್ಣ ಹೊಡೆಯುವ ಮುಂಚಿನ ಬರಿ ತಗಡಿನ ಫೋಟೊ ಕೇಳಿ. ಈ ಕಾರಿನ ಬೆಲೆ ನಿಂತಿರುವುದು ಬಾಡಿಯ ಮೇಲೆ.

1965ರಿಂದ 1976ರವರೆಗೆ ತಯಾರಾದ ಈ ಪುಟ್ಟ ಎರಡು ಬಾಗಿಲ ಕೂಪೆಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್ ಮೂರೂ ಬಾಡಿಯ ಕೆಳಗಿನ ಪ್ರತ್ಯೇಕ ಚೌಕಟ್ಟಾದ ಒಂದೇ ಸಬ್‌ಫ್ರೇಮಿನ ಮೇಲೆ ಕೂತಿವೆ. ಆ ಸಬ್‌ಫ್ರೇಮನ್ನು ಬಾಡಿಗೆ ಬೋಲ್ಟ್ ಮಾಡಿರುವ ಜಾಗಗಳಲ್ಲೇ, ಅದರಲ್ಲೂ ಹಿಂಬದಿಯವುಗಳಲ್ಲಿ, ನೀರು ನಿಂತು ಒಳಗಿಂದ ತುಕ್ಕು ತಿನ್ನುತ್ತದೆ. ಅಲ್ಲಿ ಸರಿಯಾಗಿ ವೆಲ್ಡ್ ಮಾಡಬೇಕೆಂದರೆ ಇಡೀ ಸಬ್‌ಫ್ರೇಮ್ ಇಳಿಸಲೇಬೇಕು. ಆ ಕಷ್ಟ ಬೇಡವೆಂದು ಮೇಲೆ ತೇಪೆ ಹಚ್ಚಿ, ತುಕ್ಕು ತಡೆಯುವ ಅಂಡರ್‌ಸೀಲ್ ಲೇಪ ದಪ್ಪಗೆ ಬಳಿದು ಮುಗಿಸುವವರಿದ್ದಾರೆ. ಹೊಸ ಕಪ್ಪು ಅಂಡರ್‌ಸೀಲ್ ಕಂಡರೆ ಖುಷಿಪಡಬೇಡಿ, ಅನುಮಾನಪಡಿ. ಟಾರ್ಚ್ ಹಿಡಿದು ಅಡಿಗೆ ಹೋಗಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ: ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ ತುಂಬಿದ್ದು ಮಂಕಾಗಿ ದಬ್ ಎನ್ನುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ, ಬಾಗಿಲ ಕೆಳಗಿನ ಸಿಲ್, ಮುಂಗಾಜಿನ ಬುಡ ಇವನ್ನೂ ಬಿಡಬೇಡಿ. ಕಡೆಗೆ ಒಂದು ಬದಿಗೆ ಜಾಕ್ ಕೊಟ್ಟು ಎತ್ತಿಸಿ, ಬಾಗಿಲು ತೆರೆದು ಮುಚ್ಚಿ ನೋಡಿ. ಮೊದಲಿನಷ್ಟೇ ಸಲೀಸಾಗಿ ಮುಚ್ಚಬೇಕು. ತಗುಲಿದರೆ ಸಿಲ್‌ಗಳಲ್ಲಿ ಜೀವವಿಲ್ಲ.

ಬಟ್ಟೆ ಸುತ್ತಿದ ಆಯಸ್ಕಾಂತ ಒಳ್ಳೆಯ ಸಾಧನ. ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ. ಆದರೆ 1969ರ ಮೊದಲ 1.6 ಎಚ್‌ಎಫ್ (1.6 ಲೀಟರ್ ಎಂಜಿನ್ನಿನ ರ‍್ಯಾಲಿ ಮಾದರಿ) ಕಾರುಗಳಲ್ಲಿ ಬಾನೆಟ್, ಬಾಗಿಲು, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂ. ಅಲ್ಲಿ ಆಯಸ್ಕಾಂತ ಹಿಡಿಯದಿದ್ದರೆ ಅದು ಪುಟ್ಟಿಯಲ್ಲ, ಅಸಲಿ ಎನ್ನುವುದಕ್ಕೆ ಒಂದು ಸಾಕ್ಷಿ. 1972ರ ಜನವರಿಯಲ್ಲಿ ಚಾಲಕ ಸಾಂಡ್ರೊ ಮುನಾರಿ ಮತ್ತು ಸಹಚಾಲಕ ಮಾರಿಯೊ ಮನ್ನುಚ್ಚಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು 1.6 ಎಚ್‌ಎಫ್‌ನಲ್ಲಿ. ಅದಕ್ಕೇ 1.3 ಕಾರಿಗೆ ಗೆದ್ದ ಕಾರಿನಂತೆ ಬಾನೆಟ್ ಕಪ್ಪು ಮಾಡಿ, ಎಚ್‌ಎಫ್ ಬ್ಯಾಡ್ಜ್ ಅಂಟಿಸಿ ಮಾರುವುದುಂಟು. ಬ್ಯಾಡ್ಜ್ ನಂಬಬೇಡಿ, ಚಾಸಿ ಸಂಖ್ಯೆ ಓದಿ: 1.6 ಎಚ್‌ಎಫ್ ಆದರೆ 818.540, 1970ರ ನಂತರದ ಎರಡನೇ ಸರಣಿಯದಾದರೆ 818.740. ಅಸಲಿ 1.3 ಕೂಡ ಬಲು ಚಂದದ ಕಾರು, ಅದರ ಬೆಲೆಗೇ ಸಿಕ್ಕರೆ.

ಇನ್ನು ಎಂಜಿನ್. ನಾಲ್ಕು ಸಿಲಿಂಡರಿನ ವಿ4, ಆದರೆ ಎರಡು ಸಾಲುಗಳ ನಡುವಿನ ಕೋನ 13 ಡಿಗ್ರಿಗೂ ಕಡಿಮೆ. ಹಾಗಾಗಿ ಎರಡಕ್ಕೂ ಸೇರಿ ಒಂದೇ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ). ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಎರಡು: ಒಂದು ಇನ್‌ಲೆಟ್ ವಾಲ್ವ್‌ಗಳನ್ನೆಲ್ಲ, ಇನ್ನೊಂದು ಎಕ್ಸಾಸ್ಟ್ ವಾಲ್ವ್‌ಗಳನ್ನೆಲ್ಲ ನಡೆಸುತ್ತದೆ. ಎಂಥ ಸೊಗಸಾದ ಲೆಕ್ಕ! ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಕೂಲಂಟ್ ಬದಲಿಸದೆ ಬರಿ ನೀರಲ್ಲಿ ಓಡಿಸಿದರೆ ಹೆಡ್ಡಿನ ನೀರಿನ ದಾರಿಗಳು ಕೊರೆದುಹೋಗುತ್ತವೆ. ನೀವು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿಡಿ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ, ನಾಲ್ಕು ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಐಡಲಿಂಗ್ ಏರಿಳಿದರೆ ಸೊಲೆಕ್ಸ್ ಕಾರ್ಬ್ಯುರೇಟರುಗಳ ಥ್ರಾಟಲ್ ಶಾಫ್ಟ್ ಸವೆದು ಗಾಳಿ ಎಳೆಯುತ್ತಿರಬಹುದು. ಬರಿ ಟ್ಯೂನಿಂಗಿನಿಂದ ಅದು ಸರಿಹೋಗದು, ಹೊಸ ಬುಷ್ ಹಾಕಬೇಕು.

ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಬಹಳ ದಿನ ನಿಂತ ಕಾರಿನಲ್ಲಿ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ಅಂಟಿಕೊಳ್ಳುತ್ತದೆ. ಹತ್ತು ಕಿಲೊಮೀಟರ್ ಓಡಿಸಿ ಬಂದು ಪ್ರತಿ ಚಕ್ರದ ಹತ್ತಿರ ಕೈ ಹಿಡಿಯಿರಿ, ಒಂದೇ ಒಂದು ಕಾವೇರಿದ್ದರೆ ಗೊತ್ತಾಗುತ್ತದೆ. ಮೊದಲ ಸರಣಿಗೆ ಡನ್‌ಲಪ್ ಬ್ರೇಕು, 1970ರ ನಂತರದ್ದಕ್ಕೆ ಗರ್ಲಿಂಗ್. ದಿನನಿತ್ಯ ಓಡಿಸುವ ಆಸೆಯಿದ್ದರೆ ಗರ್ಲಿಂಗ್ ಇರುವುದನ್ನೇ ಹುಡುಕಿ.

ಬ್ರೇಕು, ಕಾರ್ಬ್ಯುರೇಟರ್ ಕೆಟ್ಟಿದ್ದು ಬಾಡಿ ಗಟ್ಟಿಯಿದ್ದರೆ ಚೌಕಾಸಿ ಮಾಡಿ ತೆಗೆದುಕೊಳ್ಳಿ. ಬರಿ ತಗಡಿನ ಫೋಟೊ ಇಲ್ಲ, ಅಡಿಗೆ ಹೋಗಿ ನೋಡಲೂ ಬಿಡುವುದಿಲ್ಲ ಎಂದರೆ ಅದಕ್ಕೆ ರಿಸ್ಟೋರ್ ಆಗದ ಕಾರಿನ ಬೆಲೆಯನ್ನಷ್ಟೇ ಹೇಳಿ.