ನಕ್ಷೆಯ ಹಸಿರು ಗೆರೆ ಯಾವ ಪ್ರಾಣಿಗೆ?

ಈಗಿನ ಮಾಸ್ಟರ್ ಪ್ಲಾನ್‌ಗಳಲ್ಲಿ ಒಂದು ಹಸಿರು ಗೆರೆ ಇದ್ದೇ ಇರುತ್ತದೆ. ಈ ಪಾರ್ಕಿನಿಂದ ಆ ಕೆರೆಗೆ, ಅಲ್ಲಿಂದ ಆಚೆ ಕಾಡಿಗೆ. ಹೆಸರು ಪರಿಸರ ಕಾರಿಡಾರ್, ಅಂದರೆ ಪ್ರಾಣಿಗಳು ಓಡಾಡಲೆಂದು ಬಿಟ್ಟ ಹಸಿರು ದಾರಿ. ನೋಡೋಕೆ ಚೆನ್ನಾಗಿದೆ, ಸರಿ. ಆದರೆ ಅಲ್ಲಿ ಓಡಾಡುವವರು ಯಾರು ಅಂತ ಯಾರೂ ಬರೆದಿರುವುದಿಲ್ಲ.

ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನವನ್ನು ಸೀಳಿಕೊಂಡು ದೊಡ್ಡ ಹೆದ್ದಾರಿ ಹೋಗುತ್ತದೆ. ಅಲ್ಲಿ ರಸ್ತೆಯ ಎರಡೂ ಬದಿಗೆ ಎತ್ತರದ ಬೇಲಿ ಹಾಕಿ, ಪ್ರಾಣಿಗಳು ದಾಟಲು ಮೇಲ್ಸೇತುವೆ, ಕೆಳದಾರಿ ಎರಡನ್ನೂ ಕಟ್ಟಿದ್ದಾರೆ. ಗ್ರಿಜ್ಲಿ ಕರಡಿಗೆ, ತೋಳಕ್ಕೆ ಅಗಲವಾದ, ಸುತ್ತಲಿನದೆಲ್ಲ ಕಾಣುವಂಥ ಮೇಲ್ಸೇತುವೆಯೇ ಹೆಚ್ಚು ಇಷ್ಟ. ಕಪ್ಪು ಕರಡಿ ಮತ್ತು ಕೂಗರ್ (ಅಮೆರಿಕ ಖಂಡದ ಒಂದು ದೊಡ್ಡ ಕಾಡುಬೆಕ್ಕು) ಇಕ್ಕಟ್ಟಾದ ಕೆಳದಾರಿಯನ್ನೇ ಹೆಚ್ಚು ಹಿಡಿಯುತ್ತವೆ. ಕಾಡು ಒಂದೇ, ರಸ್ತೆ ಒಂದೇ, ಎರಡು ಕರಡಿಗೆ ಎರಡು ದಾರಿ! ಅದೂ ಕಟ್ಟಿದ ಮರುದಿನವೇ ಬಂದುಬಿಡಲಿಲ್ಲ, ಗ್ರಿಜ್ಲಿಗಳಿಗೆ ಅಭ್ಯಾಸವಾಗಲು ವರ್ಷಗಳೇ ಹಿಡಿದವು. ಈಗ ಪ್ರಾಣಿಗಳಿಗೆ ವಾಹನ ಡಿಕ್ಕಿಯಾಗುವುದು ಶೇ. 80ಕ್ಕಿಂತ ಜಾಸ್ತಿ ಕಡಿಮೆಯಾಗಿದೆ. ಇದರಲ್ಲಿ ಬೇಲಿಯ ಪಾಲು ದೊಡ್ಡದು, ಆದರೆ ಫೋಟೋ ಬರುವುದು ಮಾತ್ರ ಸೇತುವೆಯದ್ದು.

ಎಲ್ಲಕ್ಕೂ ಸೇತುವೆಯೇ ಬೇಕು ಅಂತೇನಿಲ್ಲ. ಬ್ರಿಟನ್ನಿನಲ್ಲಿ ಮುಳ್ಳಿಲಿಗಳಿಗಾಗಿ ಹಿತ್ತಲ ಬೇಲಿಯ ಬುಡದಲ್ಲಿ 13 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಕಿಂಡಿ ಬಿಡುತ್ತಾರೆ. ಮುಳ್ಳಿಲಿ ನುಸುಳುತ್ತದೆ, ಸಾಮಾನ್ಯ ಸಾಕುನಾಯಿಗೆ ಆಗುವುದಿಲ್ಲ. ಆದರೆ ರಾತ್ರಿಗೆ ಒಂದೆರಡು ಕಿಲೋಮೀಟರ್ ಸುತ್ತುವ ಪ್ರಾಣಿ ಅದು. ನೀವೊಬ್ಬರು ಕಿಂಡಿ ಬಿಟ್ಟು ಪಕ್ಕದ ಮನೆಯವರು ಗೋಡೆ ಎತ್ತಿದರೆ ಕಥೆ ಅಲ್ಲಿಗೇ ಮುಗಿಯಿತು, ಅಲ್ವಾ?

ನನಗೆ ಸಿಟ್ಟು ಬರುವುದು ಲೈಟಿನ ವಿಷಯದಲ್ಲಿ. ಕಾರಿಡಾರ್ ಅಂತ ಜಾಗ ಬಿಡುತ್ತಾರೆ, ಆಮೇಲೆ ಅದರ ನಡುವೆಯೇ ವಾಕಿಂಗ್ ಪಾತ್, ಉದ್ದಕ್ಕೂ ದೀಪದ ಕಂಬ, ಪೊದೆಯೆಲ್ಲ ಸವರಿ ಹುಲ್ಲುಹಾಸು. ಬೆಳಕಿದ್ದ ಕಡೆ ಹಾರಲು ಹಿಂಜರಿಯುವ ಬಾವಲಿ ಜಾತಿಗಳಿವೆ. ಅವಕ್ಕೆ ಆ ದೀಪದ ಸಾಲು ಗೋಡೆ ಇದ್ದ ಹಾಗೆ. ಜನರಿಗೆ ಪಾತ್ ಬೇಡ ಅನ್ನುತ್ತಿಲ್ಲ, ಅದನ್ನು ಒಂದು ಅಂಚಿಗೆ ಸರಿಸಿ, ಇನ್ನೊಂದು ಅಂಚನ್ನು ಕತ್ತಲಾಗಿಯೇ ಬಿಡಿ ಅಷ್ಟೇ.

ಇಂಥ ಕಾರಿಡಾರನ್ನು ಹಸಿರು ಮೂಲಸೌಕರ್ಯ ಅಂತ ಕರೆದ ಮೇಲೆ ಅದನ್ನು ಚರಂಡಿ, ನೀರಿನ ಪೈಪಿನಷ್ಟೇ ಗಂಭೀರವಾಗಿ ನೋಡಬೇಕು. ಸೈಟು ಹಂಚಿ ಉಳಿದ ಚೂರಿನಲ್ಲಿ ಸುಮ್ನೆ ನಾಲ್ಕು ಗಿಡ ನೆಟ್ಟರೆ ಅದು ಕಾರಿಡಾರ್ ಆಗುವುದಿಲ್ಲ. ಕೆಳದಾರಿಯ ಖರ್ಚು ರಸ್ತೆಯ ಟೆಂಡರಿನಲ್ಲೇ ಸೇರಿರಬೇಕು, ಆಮೇಲೆ ಅಗೆದು ಕೂರಿಸುವುದು ತುಂಬಾ ದುಬಾರಿ. ಅದರ ಎರಡೂ ಬಾಯಿಯ ಮುಂದಿನ ಜಮೀನು ಯಾರ ಹೆಸರಲ್ಲಿದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಬೇಕು. ನಾಳೆ ಅಲ್ಲೇ ಒಂದು ಲೇಔಟ್ ಎದ್ದರೆ, ದಾಟಿ ಬಂದ ಪ್ರಾಣಿ ಯಾರ ಗೇಟಿನ ಮುಂದೆ ನಿಲ್ಲಬೇಕು?