ಮೆಡಿಸಿನ್ ವಾರ್ಡಿನ ನಮ್ಮ ಮೇಡಂ

ಮಣಿಪಾಲದಲ್ಲಿ ಮೊದಲ ಹಂತದ ಓದು ಮುಗಿಸಿ ಮಂಗಳೂರಿಗೆ ಬಂದ ನಮ್ಮ ತಂಡಕ್ಕೆ ಅಲ್ಲಿಯವರೆಗೆ ವೈದ್ಯಕೀಯವೆಂದರೆ ಪುಸ್ತಕ, ಶವ ಮತ್ತು ಸೂಕ್ಷ್ಮದರ್ಶಕ ಅಷ್ಟೇ. ಕೆಮ್ಮುವ, ನರಳುವ, ಮನೆಯ ಚಿಂತೆಯಲ್ಲಿ ನಿದ್ದೆಗೆಡುವ ರೋಗಿಗಳನ್ನು ನಾವು ಮೊದಲು ಕಂಡದ್ದು 1848ರಿಂದ ನಡೆದುಬಂದಿರುವ ವೆನ್ಲಾಕ್ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ, ನಮಗೆ ಕಲಿಸುತ್ತಿದ್ದ ವೈದ್ಯೆ ಮೇಡಂ ಅವರ ಹಿಂದೆ ಸಾಲಾಗಿ ನಿಂತು. ತಮ್ಮ ಹೆಸರಿನಲ್ಲಿ ಯಾವುದೂ ನಡೆಯಕೂಡದೆಂದು ಅವರು ಮನೆಯವರಿಗೆ ಹೇಳಿ ಹೋಗಿದ್ದಾರೆ. ಹಾಗಾಗಿ ಇಲ್ಲಿಯೂ ಅವರು ಬರೀ ಮೇಡಂ.

ಅವರು ತೀರಿಕೊಂಡ ಮೇಲೆ ಎಲ್ಲರೂ ಅವರನ್ನು ಕರುಣಾಮಯಿ ಎಂದರು. ಅದು ನಿಜವೇ, ಆದರೆ ಕೇಳಿದವರಿಗೆ ಸದಾ ನಗುತ್ತ ತಲೆ ಸವರುವ ಒಬ್ಬರ ಚಿತ್ರ ಮನಸ್ಸಿಗೆ ಬಂದೀತು. ನಮ್ಮ ಮೇಡಂ ಹಾಗಿರಲಿಲ್ಲ. ಚೆನ್ನಾಗಿ ಬೈಯುತ್ತಿದ್ದರು. "ಹನ್ನೊಂದನೇ ಬೆಡ್, ಕಾಮಾಲೆ" ಎಂದು ಕೇಸ್ ಒಪ್ಪಿಸಲು ಹೊರಟವನನ್ನು ಅಲ್ಲೇ ತಡೆದು, "ಹನ್ನೊಂದನೇ ಬೆಡ್ಡಿಗೆ ಊರು ಯಾವುದು ಮಾರಾಯ? ಕೆಲಸ ಎಂತದು? ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿ, ಉತ್ತರವಿಲ್ಲದಿದ್ದರೆ ರೋಗಿಯ ಬಳಿಗೇ ವಾಪಸು ಕಳಿಸುತ್ತಿದ್ದರು. ಬೀಡಿ ಕಟ್ಟುವ ಹೆಂಗಸಿನ ಕೆಮ್ಮಿಗೂ ಮೀನುಗಾರಿಕೆಯ ಬಂದರಾದ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವನ ಸೊಂಟನೋವಿಗೂ ಅರ್ಧ ಉತ್ತರ ಅವರ ದುಡಿಮೆಯಲ್ಲೇ ಇರುತ್ತದೆ ಎಂಬುದು ಅವರ ವಾದ. ಸ್ಟೂಲು ಎಳೆದು ಕುಳಿತು "ಒಣಸ್ ಆಂಡಾ?" (ಊಟ ಆಯಿತಾ?) ಎಂದು ತುಳುವಿನಲ್ಲಿ ಆರಂಭಿಸಿ, ಪಕ್ಕದ ಹಾಸಿಗೆಗೆ ಬ್ಯಾರಿ, ಅದರಾಚೆಗೆ ಕೊಂಕಣಿ ಎಂದು ಭಾಷೆ ಬದಲಿಸುತ್ತ ಹೋಗುವ ಅವರ ರೌಂಡ್ಸ್ ಮಧ್ಯಾಹ್ನ ದಾಟಿದರೂ ಮುಗಿಯುತ್ತಿರಲಿಲ್ಲ. ನಮ್ಮ ಹೊಟ್ಟೆಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಮಳೆಗಾಲದಲ್ಲಿ ವಾರ್ಡು ಮಲೇರಿಯಾದಿಂದ ತುಂಬುತ್ತಿತ್ತು. ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರು ಅದರಲ್ಲಿ ಬಹಳ. ವೈವಾಕ್ಸ್ ಮಲೇರಿಯಾದಲ್ಲಿ ಕ್ಲೋರೋಕ್ವಿನ್ ಮೂರು ದಿನಗಳಲ್ಲಿ ಜ್ವರವನ್ನು ಇಳಿಸುತ್ತದೆ, ಆದರೆ ಯಕೃತ್ತಿನಲ್ಲಿ ಅಡಗಿ ಕುಳಿತ ಪರಾವಲಂಬಿ ಸಾಯಬೇಕಾದರೆ ಪ್ರೈಮಾಕ್ವಿನ್ 14 ದಿನ ನುಂಗಬೇಕು. ಜ್ವರ ಬಿಟ್ಟ ಕೂಡಲೇ ಕೆಲಸಕ್ಕೆ ಓಡುವವರು ಅದನ್ನು ನಡುವೆಯೇ ಬಿಟ್ಟು, ಕೆಲವು ವಾರಗಳ ಮೇಲೆ ಮತ್ತೆ ನಡುಗುತ್ತ ಬರುತ್ತಿದ್ದರು. ನಾವು ಅವರ ಅಜ್ಞಾನವನ್ನು ದೂರುತ್ತಿದ್ದೆವು. ಮೇಡಂ ಓಪಿ ಚೀಟಿಯ ಹಿಂಬದಿಯಲ್ಲಿ ಸ್ಕೇಲಿಟ್ಟು 14 ಚೌಕ ಎಳೆದು, ಮೊದಲ ಮಾತ್ರೆಯನ್ನು ಎದುರಿಗೇ ನುಂಗಿಸಿ, ಮೊದಲ ಚೌಕಕ್ಕೆ ಅವರ ಕೈಯಿಂದಲೇ ಗೀಟು ಹಾಕಿಸುತ್ತಿದ್ದರು. ಓದು ಬಾರದವರೂ ಬೆವರಿಗೆ ಮೆತ್ತಗಾದ ಆ ಚೀಟಿಯನ್ನು ಜೇಬಿನಿಂದ ತೆಗೆದು, ಗೀಟು ತುಂಬಿದ್ದನ್ನು ತೋರಿಸಲೆಂದೇ ಮರಳಿ ಬಂದದ್ದನ್ನು ನಾನು ಕಂಡಿದ್ದೇನೆ.

ಸ್ವಿಸ್ ಶಸ್ತ್ರವೈದ್ಯ ಕೂರ್ವಾಸಿಯೆ 1890ರಲ್ಲಿ ಹೇಳಿದ ನಿಯಮವನ್ನು ನಮಗೆ ಕಲಿಸಿದವರೂ ಅವರೇ. ಕಾಮಾಲೆಯಾದವರಲ್ಲಿ ನೋವಿಲ್ಲದೆ ಊದಿಕೊಂಡ ಪಿತ್ತಕೋಶ ಕೈಗೆ ಸಿಕ್ಕರೆ ಕಾರಣ ಪಿತ್ತದ ಕಲ್ಲಾಗಿರುವ ಸಂಭವ ಕಡಿಮೆ, ಮೇದೋಜೀರಕದ ಗಡ್ಡೆಯನ್ನು ಶಂಕಿಸಬೇಕು. ಜಠರದ ಹಿಂದೆ ಹುದುಗಿರುವ ಆ ಗ್ರಂಥಿಯ ಕ್ಯಾನ್ಸರ್ ಬಹುಕಾಲ ಸುಳಿವು ಕೊಡುವುದಿಲ್ಲ, ಪತ್ತೆಯಾಗುವ ವೇಳೆಗೆ ಶಸ್ತ್ರಚಿಕಿತ್ಸೆ ಸಾಧ್ಯವಾಗುವುದು ನೂರರಲ್ಲಿ ಹದಿನೈದಿಪ್ಪತ್ತು ಮಂದಿಗೆ ಮಾತ್ರ. ನಿವೃತ್ತಿಯಾದ ಮೇಲೆ ಅವರಿಗೆ ಬಂದದ್ದು ಅದೇ ರೋಗ. ಕನ್ನಡಿಯಲ್ಲಿ ಕಣ್ಣು ಹಳದಿಯಾದದ್ದನ್ನು ನೋಡಿ, ಮಲಗಿ ತಮ್ಮ ಹೊಟ್ಟೆಯನ್ನು ತಾವೇ ಒತ್ತಿ ನೋಡಿ, ಸ್ಕ್ಯಾನಿಗೆ ಹೋಗುವ ಮೊದಲೇ ತಮ್ಮ ಕೇಸ್ ಶೀಟನ್ನು ನೀಟಾಗಿ ಬರೆದಿಟ್ಟಿದ್ದರಂತೆ.

ನೋಡಲು ಹೋದ ನಮ್ಮನ್ನು ಮನೆಯವರು ಜಗಲಿಯಲ್ಲೇ ನಿಲ್ಲಿಸಿ, ಕಾಯಿಲೆಯ ಹೆಸರೆತ್ತಬಾರದೆಂದು ಕೇಳಿಕೊಂಡರು. ಒಳಗೆ ಮೇಡಂ ನಗುತ್ತಿದ್ದರು: "ನನ್ನ ಕೇಸನ್ನು ನನ್ನಿಂದಲೇ ಮುಚ್ಚಿಡುತ್ತಿದ್ದಾರೆ, ಪಾಪ." ರೋಗಿಗೆ ಎಷ್ಟು ತಿಳಿಯಬೇಕೆಂಬುದನ್ನು ರೋಗಿಯನ್ನೇ ಕೇಳಿ ಎಂದು ವರ್ಷಗಟ್ಟಲೆ ಪಾಠ ಮಾಡಿದವರಿಗೆ ಈ ಪಾಡು. ಮಾರ್ಫಿನ್ ವಿಷಯದಲ್ಲೂ ಅವರು ತಮ್ಮ ಪಾಠವನ್ನೇ ಪಾಲಿಸಿದರು. ನೋವು ಬರಲಿ ಎಂದು ಕಾಯದೆ, ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. 2014ರಲ್ಲಿ ಮಾದಕವಸ್ತು ಕಾನೂನು ಸಡಿಲವಾದ ಮೇಲೂ ಅದನ್ನು ಬರೆದುಕೊಡಲು ಅಂಜುವ ವೈದ್ಯರ ಮೇಲೆ ಅವರಿಗಿದ್ದ ಸಿಟ್ಟು ಹಾಸಿಗೆ ಹಿಡಿದಾಗಲೂ ಇಳಿದಿರಲಿಲ್ಲ. ಆ ಮಧ್ಯಾಹ್ನ ನಾವು ಕೇಳಿಸಿಕೊಂಡದ್ದು ಹೆಚ್ಚಾಗಿ ಅದನ್ನೇ.

ಶ್ರದ್ಧಾಂಜಲಿ ಸಭೆಗೆ ಧಕ್ಕೆಯ ಕಡೆಯ ಒಬ್ಬ ಹೆಂಗಸೂ ಬಂದಿದ್ದರು. ನಿವೃತ್ತಿಯ ಬಳಿಕವೂ ಮೇಡಂ ಬುಧವಾರ ಬುಧವಾರ ಕೂರುತ್ತಿದ್ದ ಸಣ್ಣ ಕ್ಲಿನಿಕ್ಕಿನಲ್ಲಿ ಆಕೆ ಸಕ್ಕರೆ ಕಾಯಿಲೆಗೆ ಔಷಧಿ ಪಡೆಯುತ್ತಿದ್ದವರು. ಭಾಷಣಗಳು ಇನ್ನೂ ಶುರುವಾಗಿರಲಿಲ್ಲ. ಇನ್ನು ಬುಧವಾರ ಅಲ್ಲಿ ಯಾರು ಕೂರುತ್ತಾರೆ ಎಂದು ಆಕೆ ನಮ್ಮನ್ನು ಕೇಳಿದರು. ನಮ್ಮ ಬ್ಯಾಚಿನ ಒಬ್ಬಳು ತಾನು ಎಂದು ಹೇಳಿ, ಸಮಯವನ್ನೂ ತಿಳಿಸಿದಳು. ಆಕೆ ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.