ಭೂಮಣ್ಣಿ ಬುಟ್ಟಿ: ಏಳನೇ ಸಲಕ್ಕೆ ಕರಿ ನಿಂತಿತು

ಕರಿ ನಿಂತಿತು. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವ ಕಪ್ಪು ಬಣ್ಣ ಕೊನೆಗೂ ಉಜ್ಜಿದರೆ ಬಿಡದ ಹಾಗಾಯಿತು. ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಒಣ ಹತ್ತಿಯಲ್ಲಿ ಹತ್ತು ಸಲ ಉಜ್ಜಿದೆ. ಹತ್ತಿ ಬೆಳ್ಳಗೇ ಇತ್ತು. ಅನುಮಾನಕ್ಕೆ ಇನ್ನೊಂದು ಉಂಡೆ ತಗೊಂಡೆ, ಅದೂ ಬೆಳ್ಳಗೆ. ರಾತ್ರಿ ಹನ್ನೊಂದೂವರೆಗೆ ಸಾಗರದ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಾನೊಬ್ಬಳೇ ಕುಣಿದೆ. ನೋಡಲು ಯಾರೂ ಇರಲಿಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಬುಟ್ಟಿಗೆ ಸಗಣಿ ಸಾರಿಸಿದ್ದು, ಕೆಮ್ಮಣ್ಣು ಬಳಿದದ್ದು, ಅಕ್ಕಿ ನೆನೆಸಿ ಬಿಳಿ ಅರೆದದ್ದು ಎಲ್ಲ ಎಂದಿನ ಕೆಲಸ, ಬಿಡಿ. ಆದರೆ ಒಂದು ಸಂಕಟ ಹೇಳಿಕೊಳ್ಳದೆ ಮುಂದೆ ಹೋಗಲಾರೆ. ಮಳೆಯಲ್ಲಿ ಗುಡ್ಡ ಹತ್ತಲು ಸೋಮಾರಿತನವಾಗಿ ಆನ್‌ಲೈನಿನಲ್ಲಿ ‘ಶುದ್ಧ ಕೆಮ್ಮಣ್ಣು’ ತರಿಸಿದೆ. ಅರ್ಧ ಕೆಜಿಗೆ 240 ರೂಪಾಯಿ. ಬಂದದ್ದು ಮೊಸಾಯಿಕ್ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್. ಕೆಮ್ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡೇ ಅಲ್ಲವೇ ಎಂದು ಮಾರಿದವನು ವಾದ ಮಾಡಿದ. ಹೌದು ಮಾರಾಯ, ಆದರೆ ಕೆಮ್ಮಣ್ಣಿನಲ್ಲಿ ಜೇಡಿ ಇರುತ್ತದೆ, ಅದು ಹಿಡಿದುಕೊಳ್ಳುತ್ತದೆ. ನಿನ್ನ ಪುಡಿ ನನ್ನ ಚೂಡಿದಾರ ಹಿಡಿದುಕೊಂಡಿತು. ಅದೇ ಪಾರ್ಸೆಲ್ಲಿನಲ್ಲಿದ್ದ ‘ಪುಂಡಿ ನಾರಿನ ಕುಂಚ’ದ ತುದಿಗೆ ಬೆಂಕಿ ಕಡ್ಡಿ ತಾಗಿಸಿದೆ. ಪುಂಡಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕಿತ್ತು. ಇದು ಕರಗಿ ಮುತ್ತಿನ ಹಾಗೆ ಉಂಡೆ ಕಟ್ಟಿತು. ಪ್ಲಾಸ್ಟಿಕ್! ಕೊನೆಗೆ ಮನೆ ಹಿಂದಿನ ಧರೆ ಕೆರೆದು ತಂದ ಮಣ್ಣು, ಅಮ್ಮ ಊರಿಂದ ಕಳಿಸಿದ ಪುಂಡಿ. ಖರ್ಚು ಸೊನ್ನೆ, ಜಿಗಣೆ ಎರಡು.

ಈಗ ಕರಿ. ನಾವು ದೀವರು, ಮಲೆನಾಡಿನ ಬೇಸಾಯಗಾರ ಸಮುದಾಯ. ನಮ್ಮ ಚಿತ್ತಾರದಲ್ಲಿ ಕರಿ ಅಂದರೆ ಅಕ್ಕಿ ಹುರಿದು ಸುಟ್ಟ ಕರಿ. ಇದ್ದಿಲಲ್ಲ, ದೀಪದ ಮಸಿಯಲ್ಲ. ಅದೇ ಅಕ್ಕಿ ಅರೆದರೆ ಬಿಳಿ, ಸುಟ್ಟರೆ ಕರಿ. ಕೇಳಲು ಎಷ್ಟು ಸುಲಭ! ಎರಡು ವರ್ಷದಲ್ಲಿ ಆರು ಸಲ ಸುಟ್ಟಿದ್ದೇನೆ, ಆರೂ ಸಲ ಸೋತಿದ್ದೇನೆ.

ಹಗಲಿಡೀ ಲ್ಯಾಬಿನಲ್ಲಿ ಕೂತು ಮೂತ್ರದ ಸಕ್ಕರೆಗೆ ಪ್ಲಸ್ ಗುರುತು ಹಾಕುವವಳು ನಾನು. ಕರಿಗೂ ಅದೇ ಲೆಕ್ಕ ಇಟ್ಟುಕೊಂಡೆ. ಒಣ ಹತ್ತಿಗೆ ಏನೂ ಹತ್ತದಿದ್ದರೆ ನಿಲ್, ತುಸು ಬೂದಿಯಾದರೆ ಒಂದು ಪ್ಲಸ್, ಹತ್ತಿ ಕಾಗೆಯಾದರೆ ನಾಲ್ಕು. ಮೊದಲ ಎರಡು ಸಲ ಹೆದರಿ ಬೇಗ ಇಳಿಸಿದೆ. ಹತ್ತಿ ಪರೀಕ್ಷೆಯಲ್ಲಿ ನಿಲ್. ಆದರೆ ಬಣ್ಣ ಕರಿಯಲ್ಲ, ಕಾಫಿ ಡಿಕಾಕ್ಷನ್ನು. ಮುಟ್ಟಿದರೆ ಅಂಟು, ಬೆಳಿಗ್ಗೆ ನೋಡಿದರೆ ಗೆರೆಯುದ್ದಕ್ಕೂ ಇರುವೆ ಸಾಲು. ಎಳೆ ಮಾತ್ರ ನಾನು ಎಳೆದದ್ದಕ್ಕಿಂತ ನೇರವಾಗಿತ್ತು, ಇರುವೆಗಳದ್ದು. ಮೂರನೇ ಸಲ ಸಿಟ್ಟಿನಲ್ಲಿ ಪೂರ್ತಿ ಸುಟ್ಟೆ. ಕಗ್ಗತ್ತಲ ಕರಿ, ಹತ್ತಿಗೆ ನಾಲ್ಕು ಪ್ಲಸ್. ನಾಲ್ಕನೇ ಸಲ ಅದಕ್ಕೆ ಗೇರುಮರದ ಅಂಟು ಬೆರೆಸಿದೆ, ಒಣಗಿ ಗದ್ದೆಯ ಬಿರುಕಿನಂತೆ ಸೀಳಿತು. ಐದನೆಯದಕ್ಕೆ ಫೆವಿಕಾಲ್. ಬೈಯಬೇಡಿ, ಅಮ್ಮ ಆಗಲೇ ಬೈದಾಗಿದೆ. ನಿಂತದ್ದೇನೋ ನಿಂತಿತು, ಆದರೆ ಎಮ್ಮೆಯ ಮೂಗಿನ ಹಾಗೆ ಹೊಳೆಯುತ್ತಿತ್ತು. ಭೂಮಿತಾಯಿಗೆ ಬಯಕೆ ಒಯ್ಯುವ ಬುಟ್ಟಿಗೆ ಅಂಗಡಿ ಅಂಟು ಬಳಿದೆಯಲ್ಲ ಎಂದು ಅಮ್ಮ ಎರಡು ದಿನ ಫೋನೇ ಎತ್ತಲಿಲ್ಲ.

ಅಜ್ಜಿಯನ್ನು ಕೇಳಬಾರದಿತ್ತೇ ಅಂತೀರಿ. ಕೇಳಿದ್ದೆ. ಅಜ್ಜಿ ಹೇಳಿದ್ದು ಒಂದೇ ಮಾತು: “ಹೊಗೆ ಮೂಗಿಗೆ ಬಂದಾಗ ಇಳಸ್ಬೇಕು. ಕಣ್ಣಿಗೆ ಬರತನಕ ಕಾಯ್ಬೇಡ.” ಎಷ್ಟು ನಿಮಿಷ, ಎಷ್ಟು ಉರಿ, ಎಷ್ಟು ಅಕ್ಕಿ ಎಂದು ಪೀಡಿಸಿದರೆ ಮುಖ ತಿರುಗಿಸುತ್ತಾಳೆ. ಅಳತೆ ಅಂದರೆ ಆಕೆಗೆ ಆಗದು. ಆಗದಿರಲು ಕಾರಣವೂ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಮ್ಮ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದೇ ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ. ಧಣಿಗಳದ್ದು ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಇನ್ನೊಂದು. ಆ ಕಥೆ ಕೇಳುತ್ತಾ ಬೆಳೆದವಳ ಮುಂದೆ ನಾನು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನಿಂತರೆ, “ಅದ್ಯಾರ ಕೊಳಗ?” ಎಂದು ಕೇಳದೆ ಇನ್ನೇನು ಮಾಡಿಯಾಳು.

ಆ ಥರ್ಮಾಮೀಟರಿನದೂ ಒಂದು ಗೋಳು. ಹೊಳೆಯುವ ಸ್ಟೀಲ್ ಬಾಣಲೆಗೆ ಹಿಡಿದರೆ ಅದು ಇದ್ದದ್ದಕ್ಕಿಂತ ಎಷ್ಟೋ ಕಡಿಮೆ ಬಿಸಿ ತೋರಿಸುತ್ತದೆ. ಹೊಳಪಿನ ಲೋಹ ತನ್ನ ಬಿಸಿಯನ್ನು ಅದರ ಕಣ್ಣಿಗೆ ಸರಿಯಾಗಿ ಬಿಟ್ಟುಕೊಡುವುದಿಲ್ಲ. ನಾನು ಅದನ್ನು ನಂಬಿ ಉರಿ ಏರಿಸುತ್ತಲೇ ಹೋದೆ. ಆರನೇ ಸಲದ ಅಕ್ಕಿ ಬಾಣಲೆಗೇ ಬೆಸುಗೆಯಾಯಿತು. ಬಾಣಲೆ ಈಗ ತುಳಸಿ ಗಿಡದ ಕೆಳಗಿದೆ.

ಏಳನೇ ಸಲ ಕೆಲಸ ಮಾಡಿದ್ದು ನಾನಲ್ಲ, ಕರೆಂಟು. ಕಬ್ಬಿಣದ ಕಾವಲಿಯಲ್ಲಿ ಒಂದು ಪಾವು ಅಕ್ಕಿ, ನಡು ಉರಿ, ಮೇಲೆ ಎಕ್ಸಾಸ್ಟ್ ಫ್ಯಾನು ಗರಗರ. ಹೊರಗೆ ಹಿಂಗಾರು ಮಳೆ, ಗುಡುಗು. ಅಕ್ಕಿ ಕಂದಿ ಕಪ್ಪಿಗೆ ತಿರುಗುತ್ತಿದ್ದ ಹೊತ್ತಿಗೆ ಫಟ್ ಎಂದು ಕರೆಂಟು ಹೋಯಿತು. ಫ್ಯಾನು ನಿಂತದ್ದೇ ತಡ, ಘಮ್ಮೆಂದು ಹೊಗೆ ಮೂಗಿಗೆ ಬಡಿಯಿತು. ಸುಟ್ಟ ರೊಟ್ಟಿ, ಬೆಲ್ಲದ ಪಾಕ, ಅದರ ಬೆನ್ನಿಗೇ ಒಂದು ಕಹಿ. ಕತ್ತಲಲ್ಲಿ ಏನೂ ಕಾಣದೆ, ಶಾಪ ಹಾಕುತ್ತಾ, ಕಾವಲಿ ಇಳಿಸಿ ನೆಲದ ಮೇಲಿಟ್ಟೆ. ಇದೂ ಹಾಳಾಯಿತು ಅಂತಲೇ ಮಲಗಿದೆ. ಬೆಳಿಗ್ಗೆ ನೋಡಿದರೆ ಕಾಳು ಹೊರಗೆ ಕಪ್ಪು, ಮುರಿದರೆ ಒಳಗೆ ಗಾಢ ಕಂದು. ನೆನೆಸಿ, ಅರೆದು, ಹಳೇ ಪಂಚೆಯಲ್ಲಿ ಸೋಸಿ ಎಳೆ ಎಳೆದೆ. ನಿಲ್!

ನಂಬಿಕೆ ಬರಲಿಲ್ಲ. ಮರುದಿನ ಫ್ಯಾನು ಹಾಕಿಕೊಂಡು ಮತ್ತೆ ಹುರಿದೆ, ವಾಸನೆ ಬರಲಿ ಎಂದು ಕಾದೆ. ವಾಸನೆ ಬರುವಷ್ಟರಲ್ಲಿ ಕಣ್ಣೂ ಉರಿಯಿತು. ನಾಲ್ಕು ಪ್ಲಸ್. ಫ್ಯಾನು ಆರಿಸಿ ಮತ್ತೊಮ್ಮೆ: ನಿಲ್. ಎರಡು ವರ್ಷ ನನ್ನ ಮೂಗಿಗೂ ಅಜ್ಜಿಯ ಮಾತಿಗೂ ನಡುವೆ ಒಂಬತ್ತು ಇಂಚಿನ ಫ್ಯಾನೊಂದು ಕೂತಿತ್ತು, ಅಷ್ಟೇ ವಿಷಯ.

ಆಮೇಲೆ ಕೂತು ಯೋಚಿಸಿದರೆ ಎಲ್ಲ ಸರಿಹೋಗುತ್ತದೆ. ಅಕ್ಕಿಯ ಪಿಷ್ಟವನ್ನು ಒಣದಾಗಿ ಹುರಿದರೆ ಡೆಕ್ಸ್ಟ್ರಿನ್ ಆಗುತ್ತದೆ, ಹಿಂದೆ ಅಂಚೆ ಚೀಟಿಯ ಬೆನ್ನಿಗೆ, ಲಕೋಟೆಗೆ ಬಳಿಯುತ್ತಿದ್ದ ಅಂಟು ಅದೇ. ಇನ್ನೂ ಸುಟ್ಟರೆ ಅದೂ ಉರಿದು ಬರೀ ಇಂಗಾಲ ಉಳಿಯುತ್ತದೆ. ಬೇಗ ಇಳಿಸಿದರೆ ಅಂಟಿದೆ, ಬಣ್ಣವಿಲ್ಲ. ತಡವಾದರೆ ಬಣ್ಣವಿದೆ, ಅಂಟಿಲ್ಲ. ಕಾಳಿನ ಹೊರಮೈ ಇಂಗಾಲವಾಗಿ, ತಿರುಳಿನಲ್ಲಿ ಅಂಟು ಉಳಿದಿರುವ ಆ ಸಣ್ಣ ಸಂದಿಯೇ ಹೊಗೆ ಮೂಗಿಗೆ ಬಂದು, ಕಣ್ಣಿಗೆ ಇನ್ನೂ ಬಾರದ ಹೊತ್ತು. ಒದ್ದೆ ಹತ್ತಿಗೆ ಈಗಲೂ ಒಂದು ಪ್ಲಸ್ ಇದೆ, ಮುಚ್ಚಿಡುವುದಿಲ್ಲ. ಡೆಕ್ಸ್ಟ್ರಿನ್ ನೀರಿಗೆ ಕರಗುವ ಜಾತಿ.

ಅಜ್ಜಿಯ ಮೊದಲ ಮನೆ ಲಿಂಗನಮಕ್ಕಿಯ ನೀರಿನಡಿ ಇದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಮದುವೆಯಲ್ಲಿ ಅವಳು ಯಾವ ಗೋಡೆಯ ಮುಂದೆ ಹಸೆಗೆ ಕೂತಳೋ ಆ ಹಸೆಗೋಡೆ, ಅದರ ಮೇಲೆ ಅವಳ ಅತ್ತೆ ಬರೆದ ತೇರು, ಎಲ್ಲ ಅಲ್ಲೇ ಉಳಿಯಿತು. ಗೋಡೆಯನ್ನು ಹೊತ್ತು ತರಲಾಗುತ್ತದೆಯೇ? ಬುಟ್ಟಿ ಹೊತ್ತು ತಂದರು. ಹಾಗಾಗಿ ನಮ್ಮ ಮನೆಯ ಚಿತ್ತಾರವೆಲ್ಲ ಬುಟ್ಟಿಯ ಮೇಲಿನ ಚಿತ್ತಾರ. ಮೂಲೆ ಆರತಿ ಎಂಬ ಚಿತ್ತಾರ ಬರೆಯಲು ಮೂಲೆಯೇ ಇಲ್ಲದ ಕಡೆ ಕಲಿತವಳು ನಾನು.

ಹೋದ ವರ್ಷ ಶಿವಮೊಗ್ಗದ ಒಂದು ಕರಕುಶಲ ಮೇಳದಲ್ಲಿ ಬುಟ್ಟಿ ಇಟ್ಟಿದ್ದೆ. ಬಂದವರೆಲ್ಲರದೂ ಒಂದೇ ಪ್ರಶ್ನೆ, “ಇದು ವರ್ಲಿ ಅಲ್ವಾ?” ಅಲ್ಲ ಸ್ವಾಮಿ. ವರ್ಲಿ ಮಹಾರಾಷ್ಟ್ರದ ವರ್ಲಿ ಜನರದ್ದು, ಅದರಲ್ಲಿ ತ್ರಿಕೋನದ ಮನುಷ್ಯರು ಕುಣಿಯುತ್ತಾರೆ. ನಮ್ಮದರಲ್ಲಿ ಬಹುಪಾಲು ಎಳೆಯೇ ಕುಣಿಯುವುದು. ಇನ್ನೊಬ್ಬರು, “ನೀವು ಯಾವ ಟ್ರೈಬು?” ಅಂದರು. ಸರ್ಕಾರದ ಪಟ್ಟಿಯಲ್ಲಿ ದೀವರು ಈಡಿಗರ ಜೊತೆ ಪ್ರವರ್ಗ 2ಎ. ಬುಡಕಟ್ಟಿನ ಪಟ್ಟಿಯಲ್ಲಿರುವವರು ಹಸಲರು, ಹಕ್ಕಿಪಿಕ್ಕಿಗಳು. ಹಾಗೆಂದೆ. ಅವರ ಮುಖ ಬಾಡಿತು, ಬುಟ್ಟಿ ಕೆಳಗಿಟ್ಟರು. ಕಾಡಿನವಳಲ್ಲದಿದ್ದರೆ 800 ರೂಪಾಯಿ ಜಾಸ್ತಿಯಾಯಿತೇನೋ.

ಅಂದಹಾಗೆ ಈ ಸಲದ ಬುಟ್ಟಿ ಹೆಣೆದುಕೊಟ್ಟದ್ದು ಹೊಸನಗರ ಕಡೆಯ ಹಸಲರ ಕೇರಿಯ ಒಬ್ಬ ಹೆಂಗಸು. ಅಂಚು ಕಟ್ಟುವ ಕೈ ನೋಡಿ ದಂಗಾದೆ. ಬೆತ್ತದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸೀಳಿ, ಕಣ್ಣು ಬೇರೆಲ್ಲೋ ಇಟ್ಟುಕೊಂಡು, ಬೆರಳಲ್ಲೇ ಎಣಿಸುತ್ತಾ ಸುತ್ತುತ್ತಿದ್ದರು. ಹೆಣಿಗೆಗಳ ಹೆಸರು ಬರೆದುಕೊಳ್ಳೋಣವೆಂದು ನೋಟ್‌ಬುಕ್ ತೆಗೆದೆ. “ಬರ್ಕಂಡು ಹೋದೋರು ಬಾಳ ಜನ. ತಿರುಗಿ ಬಂದೋರು ಯಾರೂ ಇಲ್ಲ,” ಅಂದರು. ನೋಟ್‌ಬುಕ್ ಚೀಲಕ್ಕೆ ಹಾಕಿದೆ. ಚಿತ್ತಾರ ಬರೆದ ಬುಟ್ಟಿಯನ್ನು ಮೊದಲು ಅವರಿಗೆ ತೋರಿಸಿ ಬರಬೇಕು, ಬರೆದುಕೊಳ್ಳುವ ಮಾತು ಆಮೇಲೆ.

ಮುಂದಿನ ಕೆಲಸ ಆಗಲೇ ತಲೆ ತಿನ್ನುತ್ತಿದೆ. ಭೂಮಿ ಹುಣ್ಣಿಮೆಗೆ ಬಗೆಬಗೆಯ ಸೊಪ್ಪು ಹಾಕಿ ಮಾಡುವ ಹಚ್ಚಂಬಲಿಗೆ ನೂರೊಂದು ಕುಡಿ ಹಾಕಬೇಕು ಅಂತಾರಲ್ಲ, ನಿಜಕ್ಕೂ ಎಷ್ಟು ಹಾಕುತ್ತೇವೆ? ಈ ವರ್ಷ ಅಮ್ಮನ ಹಿಂದೆ ಬಿದ್ದು ಎಣಿಸಿದೆ: ಒಂದೆಲಗ, ಕೆಸು, ಚಗತೆ, ಹೊನಗೊನ್ನೆ, ನುಗ್ಗೆ, ಹರಿವೆ, ಅಮಟೆ ಚಿಗುರು... ಇಪ್ಪತ್ಮೂರಕ್ಕೆ ನಿಂತಿತು. ಉಳಿದವು ಅಜ್ಜಿಗೆ ಗೊತ್ತು, ಆದರೆ ಹೆಸರಲ್ಲಿ ಅಲ್ಲ, ಜಾಗದಲ್ಲಿ. “ಆ ಹಳ್ಳದ ಬುಡದ್ದು, ಆ ಅಗಳಿನ ಮೇಲಿಂದು.” ಹಳ್ಳವೂ ನೀರಿನಡಿ. ಭತ್ತ ಹೊಡೆ ತುಂಬಿದಾಗ ಭೂಮಿ ಬಸುರಿ, ಬಸುರಿಗೆ ಸೊಪ್ಪು ಬೇಕು, ಇಷ್ಟೇ ಅಜ್ಜಿಯ ವೈದ್ಯ. ಲ್ಯಾಬಿಗೆ ಬರುವ ಬಸುರಿಯರ ಹಿಮೋಗ್ಲೋಬಿನ್ ಎಂಟು, ಎಂಟೂವರೆ ಎಂದು ಬರೆಯುವಾಗೆಲ್ಲ ಈ ಪಟ್ಟಿ ನೆನಪಾಗುತ್ತದೆ. ಸೊಪ್ಪುಗಳನ್ನು ಒತ್ತಿ ಒಣಗಿಸಿ ಒಂದು ಕಡತ ಮಾಡಬೇಕು. ಹಳೇ ಟೆಲಿಫೋನ್ ಡೈರೆಕ್ಟರಿ ಯಾರ ಬಳಿಯಾದರೂ ಇದ್ದರೆ ತಿಳಿಸಿ, ಎಲೆ ಒತ್ತಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಚಿತ್ತಾರದ ಹಳದಿ ಬಣ್ಣಕ್ಕೆ ಗುರಿಗೆ ಗಿಡದ ಬೀಜವೂ ಬೇಕು. ಬದಲಿಗೆ ಅಮಟೆಕಾಯಿ ಉಪ್ಪಿನಕಾಯಿ ಕೊಡುತ್ತೇನೆ.

ಹುಣ್ಣಿಮೆ ದಿನ ಕತ್ತಲು ಹರಿಯುವ ಮೊದಲೇ ಗದ್ದೆಗೆ ಹೋದೆವು. ಸಿಂಬೆಯ ಮೇಲೆ ಬುಟ್ಟಿ, ಕೈಯಲ್ಲಿ ಉರಿಯುವ ಜೀಟಿಗೆ ಪಂಜು. ಚರಗ ಚೆಲ್ಲಿ ಕೂಗು ಹಾಕಿದರೆ ಆಚೆ ಗದ್ದೆಯಿಂದಲೂ ಕೂಗು ಬಂತು. ಇಬ್ಬನಿಗೆ ಒಂದು ಪಕ್ಕದ ಕರಿ ತುಸು ಮಬ್ಬಾಯಿತು. ಅಜ್ಜಿ ಹೆಬ್ಬೆರಳಲ್ಲಿ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಸೆರಗಿಗೆ ಒರೆಸಿಕೊಂಡಳು. ಫ್ಯಾನಿನ ಕಥೆ ಹೇಳಿದೆ. “ಹೊಗೆ ಹೊರಗೆ ಹಾಕೂಕೂ ಮಿಶಿನ್ ಇಟ್ಕಂಡೀರನೆ?” ಎಂದು ಕೆಮ್ಮು ಬರುವವರೆಗೂ ನಕ್ಕಳು.

ಊರಲ್ಲಾದರೆ ಬುಟ್ಟಿ ಸೌದೆ ಒಲೆ ಮೇಲಿನ ಅಟ್ಟಕ್ಕೆ ಹೋಗುತ್ತಿತ್ತು. ನಮಗೆ ಅಟ್ಟವೂ ಇಲ್ಲ, ಆ ಒಲೆಯೂ ಇಲ್ಲ, ಫ್ರಿಜ್ಜಿನ ಮೇಲಿಟ್ಟೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಜಿರಳೆ ಒಂದು ಸಾಲು ಬಿಳಿ ಎಳೆಯನ್ನು ಅಂಚಿನಿಂದ ಅಂಚಿಗೆ ನೀಟಾಗಿ ಮೇಯ್ದಿದೆ. ಕರಿ ಎಳೆಯನ್ನು ಮೂಸಿಯೂ ನೋಡಿಲ್ಲ.